ಹನುಮಪ್ಪನ ಮೊಳಕಾಲಿಗೆ ನೀರು

ಕಲ್ಲಹೊಳಿ
ಜೂನ್ 30

ಶಹಾಪುರದ ಸೊಲ್ಲು ಬಾನುಲಿಯಲ್ಲಿ ‘ಕಟ್ಟಿ ಮ್ಯಾಲಿನ ಮಾತು’ ನಡೆಸುವವರಿಗೆ ನಮಸ್ಕಾರ.

ನಾನು ನಿಮ್ಮ ಕಾರ್ಯಕ್ರಮವನ್ನು ಪ್ರತಿ ಗುರುವಾರ ತಪ್ಪದೆ ಕೇಳುತ್ತೇನೆ. ಹತ್ತಿ ಹೊಲದಲ್ಲಿ ಕಸ ತೆಗೆಯುವಾಗ ನಮ್ಮ ಮಲ್ಲಾಬಾಯಿ ಅತ್ತಿ ತನ್ನ ಮೊಬೈಲನ್ನು ಟೊಂಕಕ್ಕೆ ಸಿಕ್ಕಿಸಿಕೊಂಡು ಜೋರಾಗಿ ಹಚ್ಚುತ್ತಾಳೆ. ಆಕೆ ಸಾಲಿನಲ್ಲಿ ಮುಂದೆ ಹೋದರೆ ಮಾತು ಕೇಳಿಸುವುದಿಲ್ಲ ಎಂದು ನಾವೂ ಕೈ ಜಲ್ದಿ ಮಾಡುತ್ತೇವೆ. ಮದುವೆಯಲ್ಲಿ ಡಿಜೆ ಬೇಕೋ ಬೇಡವೋ ಎಂದು ನೀವು ಮಾತಾಡಿಸಿದ ದಿನ ಎರಡು ಸಾಲು ಹೆಚ್ಚಿಗೆ ತೆಗೆದೆವು.

ಹೋದ ವಾರ ನೀವು ಹೊಳೆಯ ಬಗ್ಗೆ ಹೇಳಿದಿರಿ. ಮೇಲಿನ ಡ್ಯಾಮಿನಿಂದ ಎಷ್ಟು ಸಾವಿರ ಕ್ಯೂಸೆಕ್ ನೀರು ಬಿಟ್ಟಿದ್ದಾರೆಂದು ಇನ್ನು ಪ್ರತಿ ದಿನ ಮುಂಜಾನೆ ತಿಳಿಸುತ್ತೇವೆ ಎಂದಿರಿ. ಒಳ್ಳೆಯದು. ಆದರೆ ಕ್ಯೂಸೆಕ್ ನಮಗೆ ತಿಳಿಯುವುದಿಲ್ಲ. ನಮ್ಮ ಊರಿನ ಹೊಳೆದಂಡೆಯ ಬಂಡೆಯಲ್ಲಿ ಆಳೆತ್ತರದ ಹನುಮಪ್ಪನನ್ನು ಕೆತ್ತಿದ್ದಾರೆ. ನಾವು ನೀರು ಹೇಳುವುದು ಅವನನ್ನು ನೋಡಿಯೇ. ಪಾದ ಮುಟ್ಟಿದರೆ ಫಿಕರ್ ಇಲ್ಲ. ಮೊಳಕಾಲಿಗೆ ಬಂದರೆ ನಡುಗಡ್ಡೆಯ ಹೊಲಕ್ಕೆ ದಾರಿ ಬಂದ್. ಟೊಂಕಕ್ಕೆ ಬಂದರೆ ದಂಡೆಯ ಮೋಟರು ಬಿಚ್ಚಬೇಕು. ಎದೆಗೆ ಬಂದರೆ ದನ ಬಿಚ್ಚಬೇಕು. ಗದ್ದಕ್ಕೆ ಬಂದರೆ ಹಾಸಿಗೆ ಸುತ್ತಿಕೊಂಡು ಶಾಲೆಗೆ ನಡೆಯಬೇಕು.

ಅದಕ್ಕೆ ಕ್ಯೂಸೆಕ್ ಹೇಳಿದ ಮೇಲೆ ‘ಕಲ್ಲಹೊಳಿಯಲ್ಲಿ ಹನುಮಪ್ಪನ ಮೊಳಕಾಲು’ ಎಂದು ಒಂದು ಮಾತು ಸೇರಿಸಬೇಕೆಂದು ಕೇಳುತ್ತೇನೆ. ಐದನೆಯವರೆಗೆ ಓದಿದ್ದೇನೆ, ತಪ್ಪಿದ್ದರೆ ತಿದ್ದಿಕೊಳ್ಳಿ. ಊರಿನ ಹೆಸರು ಓದಿದರೆ ಸಾಕು, ನನ್ನ ಹೆಸರು ಬೇಡ.

ಗುರಣ್ಣನ ಮಗಳು
ಮೌನೇಶ್ವರಿ


ಕಲ್ಲಹೊಳಿ
ಜುಲೈ 11

ಮಲ್ಲಿ,

ಹೋದ ಪತ್ರದಲ್ಲಿ ನಿನ್ನನ್ನು ‘ನೀವು’ ಎಂದಿದ್ದೆ. ರೇಡಿಯೋದ ಮಲ್ಲಿಕಾ ಮೇಡಂ ಎಂದರೆ ನಮ್ಮೂರಿನ ಮಲ್ಲಿಕಮ್ಮನೇ ಎಂದು ನನಗೆ ಮೊದಲ ದಿನವೇ ಗೊತ್ತಾಗಿತ್ತು. ಒಂದರಿಂದ ಐದರವರೆಗೆ ಒಂದೇ ಚಾಪೆಯ ಮೇಲೆ ಕೂತವರು ನಾವು. ಆಮೇಲೆ ನೀನು ಓದಲಿಕ್ಕೆಂದು ಶಹಾಪುರಕ್ಕೆ ಸೋದರಮಾವನ ಮನೆಗೆ ಹೋದೆ, ನಾನು ಹೊಲಕ್ಕೆ ಹೋದೆ. ಹನ್ನೊಂದು ವರ್ಷವಾಯಿತು. ಅದಕ್ಕೆ ನನಗೆ ಸಿಟ್ಟಿಲ್ಲ. ನಿನ್ನೆಯದಕ್ಕೆ ಸಿಟ್ಟಿದೆ.

ಬೇಡ ಎಂದರೂ ನನ್ನ ಹೆಸರು ಓದಿದೆ. ನನ್ನ ಅಪ್ಪನ ಹೆಸರು ಓದಿದೆ. ನಿನ್ನ ಬಾಜೂಕೆ ಕೂತ ರಿಟೈರ್ಡ್ ಇಂಜಿನಿಯರ್ ಸಾಹೇಬರು, “ಹಂಗಾದ್ರ ಡ್ಯಾಮಿನ ಗೇಟಿನ ಕೀಲಿನೂ ಹನುಮಪ್ಪನ ಕೈಯಾಗ ಕೊಟ್ಟುಬಿಡೋಣ ಬಿಡ್ರಿ. ಐದನೇತ್ತ ಓದಿದವರು ಇಂಜಿನಿಯರಿಗಿ ಪಾಠ ಹೇಳೋ ಕಾಲ ಬಂತು,” ಎಂದರು. ಅವರು ನಕ್ಕಿದ್ದು ಇರಲಿ. ನೀನೂ ನಕ್ಕೆ. ಚಿಕ್ಕಂದಿನಲ್ಲಿ ನಗುತ್ತಿದ್ದ ಹಾಗೆ ಮೂಗಿನಿಂದ ನಕ್ಕೆ, ಅದಕ್ಕೇ ಅದು ಸುಳ್ಳು ನಗು ಅಲ್ಲವೆಂದು ತಿಳಿಯಿತು.

ಹೊಲದಲ್ಲಿ ಹದಿನಾಲ್ಕು ಮಂದಿ ಇದ್ದೆವು. ಯಾರೂ ತಲೆ ಎತ್ತಲಿಲ್ಲ. ಮಲ್ಲಾಬಾಯಿ ಅತ್ತಿ ಒಬ್ಬಳೇ ಕುರ್ಪಿ ನೆಲಕ್ಕೆ ಚುಚ್ಚಿ, “ಆ ಸಾಹೇಬನ ಕಾಲು ಹೊಳಿಯಾಗ ಯಾವಾಗರೆ ತೊಯ್ದಾವೇನು, ಮೊದ್ಲ ಅದನ್ನ ಕೇಳ್ರಿ,” ಎಂದಳು. ಸಂಜೆ ಬರುವಷ್ಟರಲ್ಲಿ ಊರಲ್ಲಿ ನನಗೆ ‘ಕ್ಯೂಸೆಕ್ಕವ್ವ’ ಎಂದು ಹೆಸರು ಬಿದ್ದಿತ್ತು. ನಮ್ಮ ಅಣ್ಣ ಮರಿಲಿಂಗ ಮನೆಗೆ ಬಂದವನೇ, “ಇನ್ನೊಂದು ಅಕ್ಷರ ರೇಡಿಯೋಕ್ಕ ಬರದಿ ಅಂದ್ರ ಪೆನ್ನು ಮುರಿತೀನಿ ನೋಡು,” ಎಂದ. ಇದು ಆ ಪೆನ್ನಿನಿಂದಲೇ ಬರೆಯುತ್ತಿರುವ ಪತ್ರ.

ಕ್ಷಮೆ ಕೇಳು ಎಂದು ನಾನು ಬರೆಯುತ್ತಿಲ್ಲ. ಹನುಮಪ್ಪನ ಮಾತು ಓದು ಎಂದು ಬರೆಯುತ್ತಿದ್ದೇನೆ. ನಾವು ನಾಲ್ಕನೆಯಲ್ಲಿದ್ದಾಗ ನೀರು ಎದೆಗೆ ಬಂದ ದಿನ ನಿಮ್ಮ ಎಮ್ಮೆಯ ಕರುವನ್ನು ಇಬ್ಬರೂ ಹೊತ್ತುಕೊಂಡು ಓಡಿದ್ದೆವು. ಗೊತ್ತಿಲ್ಲದವರು ನಕ್ಕರೆ ನಗಲಿ. ನಿನಗೆ ಗೊತ್ತಿತ್ತು.

ಮೌನೇಶ್ವರಿ


ಶಹಾಪುರ
ಜುಲೈ 17

ಪ್ರೀತಿಯ ಮೌನಿ,

ನಿನ್ನ ಪತ್ರ ಕೇಂದ್ರದ ವಿಳಾಸಕ್ಕೆ ಬಂದಿತ್ತು. ಆಫೀಸಿನವರು ಒಡೆಯುವಷ್ಟರಲ್ಲಿ ನಾನು ಕಸಿದುಕೊಂಡೆ. ಇನ್ನು ಮುಂದೆ ಕೆಳಗೆ ಬರೆದಿರುವ ಮನೆಯ ವಿಳಾಸಕ್ಕೆ ಹಾಕು.

ನಕ್ಕದ್ದು ನಿಜ. ಬಾಯಿ ತಪ್ಪಿ ಬಂತು ಎಂದುಕೋ. ಅವರು ದೊಡ್ಡ ಅತಿಥಿಗಳು, ನಾನು ಕೆಲಸಕ್ಕೆ ಸೇರಿ ಇನ್ನೂ ಒಂದು ವರ್ಷ. ಎದುರಿಗೆ ಕೂತವರು ನಕ್ಕಾಗ ಮುಖ ಗಂಟು ಹಾಕಿಕೊಂಡು ಕೂಡುವ ಧೈರ್ಯ ನನಗೆ ಬರಲಿಲ್ಲ. ಹೆಸರು ಓದಬೇಡವೆಂದು ನೀನು ಕೊನೆಯ ಸಾಲಿನಲ್ಲಿ ಬರೆದಿದ್ದೆ. ನಾನು ಅಲ್ಲಿಗೆ ಬರುವಷ್ಟರಲ್ಲಿ ಹೆಸರು ಹೇಳಿ ಆಗಿತ್ತು. ಅದು ನನ್ನ ತಪ್ಪು.

ಆದರೆ ನೀನೂ ಸ್ವಲ್ಪ ಯೋಚಿಸು. ನಾವು ಓದುವ ಅಂಕಿ ಸರಕಾರದ ಕಾಗದದಲ್ಲಿ ಬರುತ್ತದೆ. ನಮ್ಮ ರೇಡಿಯೋ ಮೂವತ್ತು ನಲವತ್ತು ಹಳ್ಳಿಗೆ ಕೇಳುತ್ತದೆ. ಹನುಮಪ್ಪ ಇರುವುದು ಒಂದು ಕಲ್ಲಹೊಳಿಯಲ್ಲಿ. ‘ಮೊಳಕಾಲಿಗೆ ಬಂದಿದೆ’ ಎಂದರೆ ಸುರಪುರದ ಕಡೆಯ ಹೊಳೆದಂಡೆಯವರು ಏನು ತಿಳಿದುಕೊಳ್ಳಬೇಕು? ಅಂಕಿ ಎಲ್ಲರಿಗೂ ಒಂದೇ.

ಬೇಕಾದರೆ ಗುರುವಾರ ಫೋನ್ ಮಾಡಿ ನೀನೇ ಹೇಳು. ನಂಬರ್ ಕೊಟ್ಟಿದ್ದೇನೆ. ಇನ್ನೊಂದು ಮಾತು. ಹನ್ನೊಂದು ವರ್ಷ ನಾನು ಬರೆಯಲಿಲ್ಲ ನಿಜ. ನೀನಾದರೂ ಮೊದಲು ಬರೆದದ್ದು ಗೆಳತಿಗಲ್ಲ, ರೇಡಿಯೋಕ್ಕೆ.

ನಿನ್ನ
ಮಲ್ಲಿ


ಕಲ್ಲಹೊಳಿ
ಜುಲೈ 29

ಮಲ್ಲಿ,

ಅಂಕಿ ಎಲ್ಲರಿಗೂ ಒಂದೇ ಎಂದು ಬರೆದಿದ್ದೆಯಲ್ಲ. ಬಸವಂತ್ರಾಯ ಕಾಕಾನ ಕಥೆ ಹೇಳುತ್ತೇನೆ, ಕೇಳು.

ಹೋದ ವರ್ಷ ತೊಂಬತ್ತು ಸಾವಿರ ಕ್ಯೂಸೆಕ್ ಬಿಟ್ಟಾಗ ನೀರು ಹನುಮಪ್ಪನ ಮೊಳಕಾಲಿಗೆ ನಿಂತಿತ್ತು. ಈ ಸಲ ಜುಲೈ 22ಕ್ಕೆ ನೀನು ಮುಂಜಾನೆ ಓದಿದ್ದು ತೊಂಬತ್ತು ಸಾವಿರ. ಕಾಕಾ ಹೊಲದಲ್ಲಿ ಕೇಳಿಸಿಕೊಂಡ. “ತೊಂಬತ್ತೇ ಅಲ್ಲ, ಮೊಳಕಾಲಿಗಿ ಬರ್ತಾವ, ಮೋಟರಿಗಿ ಏನಾಗಂಗಿಲ್ಲ,” ಎಂದು ಅಲ್ಲಿಯೇ ಉಳಿದ. ಮಧ್ಯಾಹ್ನಕ್ಕೆ ನೀರು ಟೊಂಕಕ್ಕೆ ಬಂತು. ಮೋಟರು ಹೋಯಿತು. ಹಗ್ಗ ಮಾತ್ರ ಗಿಡಕ್ಕೆ ಕಟ್ಟಿದ ಹಾಗೆಯೇ ಇತ್ತು.

ಯಾಕೆ ಹೀಗಾಯಿತು ಎಂದು ಅಪ್ಪನನ್ನು ಕೇಳಿದೆ. ಕೆಳಗೆ ಹೊಸ ಸೇತುವೆಯ ಕೆಲಸಕ್ಕೆ ಹೊಳೆಯೊಳಗೆ ಮಣ್ಣಿನ ಒಡ್ಡು ಹಾಕಿದ್ದಾರೆ, ನೀರು ಹಿಂದಕ್ಕೆ ಒತ್ತುತ್ತದೆ ಎಂದ. ಡ್ಯಾಮಿನವರ ಅಂಕಿ ಅದೇ, ನಮ್ಮ ನೀರು ಬೇರೆ.

ತಪ್ಪು ನಮ್ಮದೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಮೊದಲು ಮಳೆಗಾಲದಲ್ಲಿ ಮನೆಗೊಬ್ಬರಂತೆ ಪಾಳಿಯಲ್ಲಿ ಹೋಗಿ ಹನುಮಪ್ಪನನ್ನು ನೋಡಿಕೊಂಡು ಬರುತ್ತಿದ್ದರು. ರೇಡಿಯೋ ಹೇಳುತ್ತದೆ ಎಂದ ಮೇಲೆ ಪಾಳಿ ಬಿಟ್ಟರು. ಕಾಕಾನ ಹೊಲದಿಂದ ಹನುಮಪ್ಪ ಇನ್ನೂರು ಹೆಜ್ಜೆ. ನಿನ್ನ ಮಾತು ನಂಬಿ ಅವನು ಆ ಇನ್ನೂರು ಹೆಜ್ಜೆ ನಡೆಯಲಿಲ್ಲ.

ಈಗ ನಾನು ನೋಡುತ್ತೇನೆ. ದಿನಕ್ಕೆ ಮೂರು ಸಲ. ಒಂದು ನೋಟ್‌ಬುಕ್ಕು ಮಾಡಿದ್ದೇನೆ. ಮುಂಜಾನೆ ನೀನು ಓದಿದ ಅಂಕಿ, ಆ ನೀರು ನಮ್ಮಲ್ಲಿಗೆ ಬಂದ ಹೊತ್ತು, ಹನುಮಪ್ಪನ ಮೈಮೇಲೆ ಎಲ್ಲಿ ನಿಂತಿತು, ಇಷ್ಟೇ. ಏಳು ದಿನದ್ದು ಈ ಲಕೋಟೆಯೊಳಗೆ ಬರೆದು ಇಟ್ಟಿದ್ದೇನೆ. ನಿಮ್ಮ ಸಾಹೇಬರಿಗೂ ತೋರಿಸು. ನಗು ಬಂದರೆ ನಗಲಿ, ಆದರೆ ಓದಿಯೇ ನಗಲಿ.

ಒಂದೇ ಊರಿಗೆ ಒಬ್ಬ ಹನುಮಪ್ಪ ಎಂದೆಯಲ್ಲ, ಅದನ್ನೂ ಕೇಳಿದೆ. ಟಪಾಲಿನ ಮಸ್ತಾನಸಾಬ ದಂಡೆಯ ಏಳು ಹಳ್ಳಿ ತಿರುಗುತ್ತಾನೆ. ಅವನು ನಮ್ಮ ಕಟ್ಟೆಯ ಮೇಲೆ ಕೂತು ಬೆರಳು ಮಡಚಿ ಹೇಳಿದ: “ಕೆಳಗಿನ ಊರಾಗ ದರ್ಗಾದ ಮೆಟ್ಟಿಲು ಎಣಿಸ್ತಾರವ್ವ. ಅದರಾಚಿ ಊರಾಗ ಮಡಿವಾಳರು ಒಗಿಯೋ ಕಲ್ಲು ಮುಳುಗ್ಯಾದೋ ಇಲ್ಲೋ ನೋಡ್ತಾರ. ಸುರಪುರದ ಕಡಿಯವರು ಬೇವಿನ ಗಿಡಕ್ಕ ಸುಣ್ಣದ ಗೆರಿ ಹೊಡದಾರ. ಎಲ್ಲಾರಿಗೂ ಒಬ್ಬೊಬ್ಬ ಹನುಮಪ್ಪ ಇದ್ದಾನ. ಹೆಸರು ಬ್ಯಾರೆ ಅಷ್ಟೇ.”

ಫೋನ್ ಮಾಡು ಎಂದಿದ್ದೀಯ. ನನಗೆ ಆಗುವುದಿಲ್ಲ. ಶಾಲೆಯಲ್ಲಿ ಎಬ್ಬಿಸಿ ನಿಲ್ಲಿಸಿ ಮಗ್ಗಿ ಕೇಳಿದರೆ ನನ್ನ ಗಂಟಲು ಕಟ್ಟುತ್ತಿದ್ದುದು ನಿನಗೆ ಗೊತ್ತು. ಈಗಲೂ ಹಾಗೆಯೇ. ನಾನು ಬರೆಯುತ್ತೇನೆ. ಓದುವುದು ನಿನ್ನ ಕೆಲಸ. ಅದಕ್ಕೆ ನಿನಗೆ ಪಗಾರ ಕೊಡುತ್ತಾರೆ.

ಮೌನೇಶ್ವರಿ


ಶಹಾಪುರ
ಆಗಸ್ಟ್ 5

ಮೌನಿ,

ನಿನ್ನ ನೋಟ್‌ಬುಕ್ಕಿನ ಹಾಳೆಯನ್ನು ನಮ್ಮ ಮುಖ್ಯಸ್ಥರ ಮೇಜಿನ ಮೇಲೆ ಇಟ್ಟೆ. ಮೊದಲು ಓದಿದರು, ಆಮೇಲೆ ಮಡಚಿದರು. “ಚಂದ ಬರದಾಳ. ಆದ್ರ ಇದನ್ನ ನಾವು ಓದಿ, ಜನ ಗಾಬರಿಯಾಗಿ ಓಡಿದ್ರ ಜವಾಬ್ದಾರಿ ಯಾರದು? ಕಾಗದದಾಗ ಬಂದದ್ದಷ್ಟೇ ಓದವ್ವ ನೀನು,” ಎಂದರು. ನಾನು ಬಿಡಲಿಲ್ಲ, ಎರಡು ದಿನ ಬಿಟ್ಟು ಮತ್ತೆ ಕೇಳಿದೆ. ಆಗ ಬೇಸರಪಟ್ಟುಕೊಂಡು ಒಂದು ಮಾತು ಹೇಳಿದರು. ಕೇಳುಗರು ತಾವೇ ಫೋನ್ ಮಾಡಿ, ತಮ್ಮ ದನಿಯಲ್ಲಿ ಹೇಳಿದರೆ ಅದು ಅವರ ಅಭಿಪ್ರಾಯ. ಅದಕ್ಕೆ ಕೇಂದ್ರ ಹೊಣೆಯಲ್ಲ.

ಅಂದರೆ ನಾನು ಓದುವಂತಿಲ್ಲ. ನೀನು ಹೇಳಬೇಕು.

ಆಗಸ್ಟ್ 14ರ ಗುರುವಾರ ಮತ್ತೆ ಹೊಳೆಯ ವಿಷಯ ಇದೆ. ಅದೇ ಸಾಹೇಬರು ಬರುತ್ತಾರೆ. ಮೇಲೆ ಮಳೆ ಜೋರಾಗಿದೆ, ಡ್ಯಾಂ ತುಂಬಿದೆ, ಆ ಹೊತ್ತಿಗೆ ದೊಡ್ಡ ನೀರು ಬಿಡುತ್ತಾರೆ ಎನ್ನುತ್ತಿದ್ದಾರೆ. ನಿನ್ನ ಲೆಕ್ಕದಂತೆ ಈ ಸಲ ಅದು ಹನುಮಪ್ಪನ ಎಲ್ಲಿಗೆ ಬರುತ್ತದೆ ಎಂದು ಯೋಚಿಸಿದರೆ ನನಗೆ ಊಟ ಸೇರುವುದಿಲ್ಲ.

ಅವತ್ತು ಯಾಕೆ ನಕ್ಕೆ ಎಂದು ಹೋದ ಪತ್ರದಲ್ಲಿ ನಾನು ಅರ್ಧ ಬರೆದೆ. ಪೂರ್ತಿ ಬರೆಯುತ್ತೇನೆ. ಇಲ್ಲಿ ಯಾರಿಗೂ ನಾನು ಕಲ್ಲಹೊಳಿಯವಳೆಂದು ಗೊತ್ತಿಲ್ಲ. ಶಹಾಪುರದವಳೆಂದೇ ಹೇಳಿದ್ದೇನೆ. ನಿನ್ನ ಪತ್ರದಲ್ಲಿ ಊರಿನ ಹೆಸರು ಕಂಡ ಕೂಡಲೇ ಹೆದರಿದೆ. ನಗದಿದ್ದರೆ ಸಾಹೇಬರು ನನ್ನ ಮುಖ ನೋಡಿ ಕಂಡುಹಿಡಿಯುತ್ತಾರೆ ಅನಿಸಿತು. ಬೇರೆಯವರ ನಗು ನನ್ನ ಮೇಲೆ ಬೀಳದಿರಲಿ ಎಂದು ನಿನ್ನ ಮೇಲೆ ಹಾಕಿದೆ.

ಇದನ್ನು ಓದಿ ಹರಿದುಬಿಡು.

ಮಲ್ಲಿ


ಕಲ್ಲಹೊಳಿ
ಆಗಸ್ಟ್ 10

ಮಲ್ಲಿ,

ಹರಿದಿಲ್ಲ. ಬರೆದದ್ದನ್ನು ಹರಿಯುವ ರೂಢಿ ನನಗಿಲ್ಲ.

ಮೊನ್ನೆ ಹತ್ತಿಕುಣಿಯಿಂದ ನನ್ನನ್ನು ನೋಡಲು ಬಂದಿದ್ದರು. ಐದು ಮಂದಿ. ಹುಡುಗ ಟ್ರ್ಯಾಕ್ಟರ್ ಹೊಡೆಯುತ್ತಾನಂತೆ, ನೋಡಲು ಚೆನ್ನಾಗಿಯೇ ಇದ್ದ. ನಾನು ಚಹಾ ತಂದಿಟ್ಟೆ. ಅವರಲ್ಲಿ ಹಿರಿಯರೊಬ್ಬರು ಬಟ್ಟಲು ಎತ್ತಿಕೊಂಡು ಅಣ್ಣನನ್ನು ಕೇಳಿದರು.

“ರೇಡಿಯೋಕ್ಕ ಚೀಟಿ ಬರಿಯಾಕಿ ಈಕಿನೇ ಏನು?”

ಅಣ್ಣನ ಮುಖ ಇಷ್ಟಾಯಿತು. “ಅದು ಏನೋ ಹುಡುಗಾಟಕ್ಕ ಬರದಾಳ್ರಿ. ಇನ್ನ ಬರಿಯಂಗಿಲ್ರಿ.”

ನಾನು ಒಳಗೆ ಹೋಗಲಿಕ್ಕೆ ತಿರುಗಿದ್ದೆ. ಮಾತು ಎಲ್ಲಿಂದಲೋ ಬಂತು.

“ಬರಿತೀನ್ರಿ.”

ಅಷ್ಟೇ. ಒಂದೇ ಮಾತು. ಹಿರಿಯರು ಚಹಾ ಕುಡಿದರು, ಹುಡುಗ ನೆಲ ನೋಡಿದ, ಎಲ್ಲರೂ ಎದ್ದು ಹೋದರು. ಅವರ ಜೀಪು ಊರ ಅಗಸಿ ದಾಟುವವರೆಗೆ ಅಣ್ಣ ಬಾಗಿಲಲ್ಲಿ ನಿಂತು ನೋಡಿದ. ಆಮೇಲೆ ಊರೇ ಕೇಳುವಂತೆ ಕೂಗಾಡಿದ. ಈ ಹುಡುಗಿಯಿಂದ ಮನೆತನದ ಮಾನ ಹೋಯಿತು ಎಂದ. ಅಪ್ಪ ಬಲೆಯ ಕಣ್ಣು ಕಟ್ಟುತ್ತಾ ಕೂತಿದ್ದ. ತಲೆ ಎತ್ತದೆ ಹೇಳಿದ: “ಆಕಿ ಹೊಳಿ ನೀರಿನ ಬಗ್ಗೆ ಬರದಾಳ. ನಿನ್ನ ಬಗ್ಗೆ ಏನೂ ಬರದಿಲ್ಲಲ್ಲ? ಸುಮ್ಕ ಕುಂದ್ರು.”

ಒಂದು ಮಾತು ಬಂತು ಎಂದರೆ ನಾಲ್ಕು ಮಾತು ಬಾರದೇ ಇರುತ್ತವೆಯೇ? 14ಕ್ಕೆ ಮಲ್ಲಾಬಾಯಿ ಅತ್ತಿಯ ಮೊಬೈಲಿನಿಂದ ಫೋನ್ ಮಾಡುತ್ತೇನೆ. ಹೇಳಬೇಕಾದದ್ದನ್ನು ಬರೆದಿಟ್ಟುಕೊಂಡಿದ್ದೇನೆ. ಹತ್ತಿ ಸಾಲಿನಲ್ಲಿ ಜೋರಾಗಿ ಓದಿ ರೂಢಿ ಮಾಡುತ್ತಿದ್ದೇನೆ. ಬೆಳ್ಳಕ್ಕಿಗಳು ಎದ್ದು ಹೋಗುತ್ತವೆ, ಹೆಂಗಸರು ಹೋಗುವುದಿಲ್ಲ.

ನೀನು ಎಲ್ಲಿಯವಳೆಂದು ನಾನು ಫೋನಿನಲ್ಲಿ ಹೇಳುವುದಿಲ್ಲ. ಹೆದರಬೇಡ.

ಮೌನಿ


ಶಹಾಪುರ
ಆಗಸ್ಟ್ 18

ಮೌನಿ,

ನೀನು ಅತ್ತ ಕಡೆ ಇದ್ದೆ. ಇತ್ತ ಕಡೆ ಏನಾಯಿತು ಎಂದು ನಿನಗೆ ಗೊತ್ತಾಗಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಕರೆ ಬಂತು. “ಯಾರು ಮಾತಾಡ್ತಿರೋದು?” ಎಂದು ಕೇಳಿದೆ. ನೀನು ಉಸಿರಾಡಿದೆ. ಮತ್ತೆ ಕೇಳಿದೆ, ಮತ್ತೆ ಉಸಿರು. ರೇಡಿಯೋದಲ್ಲಿ ಐದು ಸೆಕೆಂಡು ಸುಮ್ಮನಿದ್ದರೆ ಐದು ನಿಮಿಷ ಆದಂತೆ. ಸಾಹೇಬರು, “ಲೈನ್ ಕಟ್ಟಾಗೇದ, ಮುಂದಿನವರನ್ನ ತಗೋರಿ,” ಎಂದರು. ಗಾಜಿನ ಆಚೆ ನಮ್ಮ ಮುಖ್ಯಸ್ಥರು ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿದರು. ನನ್ನ ಕೈ ಬಟನ್ ಮೇಲೆಯೇ ಇತ್ತು.

ನಾನು ಹೇಳಿದ್ದು ನೀನು ಕೇಳಿದ್ದೀಯ. ಆದರೂ ಬರೆಯಬೇಕು ಅನಿಸುತ್ತದೆ. “ಲೈನ್ ಕಟ್ಟಾಗಿಲ್ರಿ. ಅದು ಕಲ್ಲಹೊಳಿ ಮೌನೇಶ್ವರಿ. ಆಕಿಗಿ ಮಾತು ಬರಾಕ ಜರಾ ಟೈಮ್ ಹಿಡಿತದ. ನಾನೂ ಕಲ್ಲಹೊಳಿಯಾಕಿನೇ, ನನಗ ಗೊತ್ತದ. ಕಾಯೋಣ್ರಿ.”

ಸಾಹೇಬರು ನನ್ನ ಕಡೆಗೆ ತಿರುಗಿ ನೋಡಿದರು. ಆಗ ನಿನ್ನ ಹಿಂದೆ ಯಾರೋ, ಮಲ್ಲಾಬಾಯಿ ಅತ್ತಿಯೇ ಇರಬೇಕು, “ಹೇಳ ಬೇ, ಊರ ನೀರಿನ ಮಾತು ಅದ, ನಿನ್ನ ಲಗ್ನದ ಮಾತಲ್ಲ!” ಎಂದಿದ್ದು ಮೂವತ್ತು ನಲವತ್ತು ಹಳ್ಳಿಗೆ ಕೇಳಿತು. ಆಮೇಲೆ ನೀನು ಮಾತಾಡಿದೆ. ಬರೆದಿಟ್ಟುಕೊಂಡದ್ದನ್ನು ಓದುತ್ತೀಯ ಎಂದುಕೊಂಡಿದ್ದೆ. ನೀನು ಓದಲಿಲ್ಲ.

“ಈಗ ಹನುಮಪ್ಪನ ಟೊಂಕಕ್ಕ ಬಂದಾವ್ರಿ. ಮುಂಜಾನಿ ಬಿಟ್ಟ ನೀರು ಇನ್ನೂ ನಮ್ಮ ಊರಿಗಿ ಬಂದಿಲ್ಲ. ಅದು ಸಂಜಿಕ ಬರ್ತದ. ಎದಿಗಿ ಬರ್ತದ. ದಂಡಿ ಮ್ಯಾಲ ಇರೋರು ಹೊತ್ತು ಮುಳುಗೋದ್ರಾಗ ದನ ಬಿಚ್ರಿ. ನಮ್ಮ ಅಂಕಿ ಕೇಳಬ್ಯಾಡ್ರಿ. ನಿಮ್ಮೂರಾಗ ನೀವು ಯಾವುದನ್ನ ನೋಡಿ ನೀರು ಹೇಳ್ತೀರಿ, ಹೋಗಿ ಅದನ್ನ ನೋಡ್ರಿ.”

ಅದಾದ ಮೇಲೆ ಇಪ್ಪತ್ತು ನಿಮಿಷದಲ್ಲಿ ಮೂರು ಕರೆ ಬಂದವು. ಒಬ್ಬರು ದರ್ಗಾದ ಮೆಟ್ಟಿಲು ಹೇಳಿದರು, ಒಬ್ಬರು ಒಗೆಯುವ ಕಲ್ಲು, ಒಬ್ಬರು ಸುಣ್ಣದ ಗೆರೆ. ನಮ್ಮ ಇಂಜಿನಿಯರ್ ಸಾಹೇಬರು ಮೂರನ್ನೂ ಕಾಗದದ ಮೇಲೆ ಬರೆದುಕೊಂಡರು. ಹೋಗುವಾಗ ಕಾಗದ ಜೇಬಿಗೆ ಹಾಕಿಕೊಂಡರು.

ಮರುದಿನ ನನ್ನನ್ನು ಕಾರ್ಯಕ್ರಮದಿಂದ ತೆಗೆದು ಹಳೆಯ ರೆಕಾರ್ಡಿಂಗ್ ಜೋಡಿಸುವ ಕೋಣೆಗೆ ಹಾಕಿದರು. ‘ಕಟ್ಟಿ ಮ್ಯಾಲಿನ ಮಾತು’ ಈಗ ಬೇರೆಯವರು ನಡೆಸುತ್ತಾರೆ. ಹೊಳೆಯ ವಿಷಯ ಇನ್ನು ಮಾತಿಗೆ ಇಡುವುದಿಲ್ಲ. ಫೋನ್ ಮಾಡುವವರು ಆ ವಾರದ ವಿಷಯದ ಮೇಲಷ್ಟೇ ಮಾತಾಡಬೇಕು ಎಂದು ನಿಯಮ ಮಾಡಿದ್ದಾರೆ. 28ರ ಗುರುವಾರದ ವಿಷಯ ‘ಮಸಾಲೆ ಮನೆಯಲ್ಲಿ ಕುಟ್ಟಬೇಕೋ, ಪ್ಯಾಕೆಟ್ ತರಬೇಕೋ’.

ಈ ಕೋಣೆಗೆ ಕಿಟಕಿಯಿಲ್ಲ. ಆದರೂ ನನ್ನ ಬಗ್ಗೆ ಮರುಗಬೇಡ. ಚಹಾ ಕೊಡುವವನಿಂದ ಹಿಡಿದು ಎಲ್ಲರೂ ಈಗ ನನ್ನನ್ನು “ಕಲ್ಲಹೊಳಿ ಮೇಡಂ” ಎನ್ನುತ್ತಾರೆ. ಮೊದಲ ದಿನ ಮುಖ ಬಿಸಿಯಾಯಿತು. ಎರಡನೇ ದಿನ “ಹೌದ್ರಿ, ಏನು ಬೇಕಿತ್ತು?” ಎಂದೆ.

ನಿನ್ನ
ಮಲ್ಲಿ


ಕಲ್ಲಹೊಳಿ
ಸೆಪ್ಟೆಂಬರ್ 5

ಮಲ್ಲಿ,

ಅವತ್ತು ಸಂಜೆ ನೀರು ಎದೆಗೆ ಬಂತು. ಎದೆಯಿಂದ ಮೂರು ಬೆರಳು ಮೇಲೆಯೇ ನಿಂತಿತು, ಅಷ್ಟು ನನ್ನ ಲೆಕ್ಕ ತಪ್ಪಿತು. ದನಗಳೆಲ್ಲ ಹೊತ್ತು ಮುಳುಗುವ ಮೊದಲೇ ಶಾಲೆಯ ಬಯಲಿನಲ್ಲಿದ್ದವು. ಮೊದಲು ಬಿಚ್ಚಿದವನು ಬಸವಂತ್ರಾಯ ಕಾಕಾ. ಎರಡನೆಯವನು ನಮ್ಮ ಅಣ್ಣ. ಅವನು ನನ್ನ ಜೊತೆ ಇನ್ನೂ ಮಾತಾಡುವುದಿಲ್ಲ. ಆದರೆ ದಿನಾ ಹೊಲಕ್ಕೆ ಹೋಗುವಾಗ ಸುತ್ತು ಹಾಕಿ ಹನುಮಪ್ಪನ ಮುಂದಿನಿಂದಲೇ ಹೋಗುತ್ತಾನೆ.

ನಿನ್ನನ್ನು ಆ ಕೋಣೆಗೆ ಹಾಕಿದ್ದು ಓದಿ ನಾನು ಅಳಲಿಲ್ಲ. ಪತ್ರವನ್ನು ಹೊಲಕ್ಕೆ ಒಯ್ದು ಹೆಂಗಸರ ಮುಂದೆ ಓದಿದೆ. ನಿಯಮದ ಮಾತು ಬಂದಾಗ ಮಲ್ಲಾಬಾಯಿ ಅತ್ತಿ, “ಇನ್ನೊಮ್ಮಿ ಓದು,” ಎಂದಳು. ಮತ್ತೆ ಓದಿದೆ. “ವಿಷಯದ ಮ್ಯಾಲ ಮಾತಾಡ್ರಿ ಅಂದಾರ. ಮಾತಾಡೋಣು. ಅದರಕಿಂತ ಮೊದ್ಲ ಏನೂ ಅನಬ್ಯಾಡ್ರಿ ಅಂತ ಎಲ್ಲಿ ಬರದದ?” ಎಂದಳು.

28ರ ಗುರುವಾರ, ಮಸಾಲೆಯ ದಿನ, ಮೊದಲ ಕರೆ ಅತ್ತಿಯದೇ. “ನಮಸ್ಕಾರ್ರಿ. ಕಲ್ಲಹೊಳಿಯಿಂದ ಮಲ್ಲಾಬಾಯಿ. ಹನುಮಪ್ಪನ ಮೊಳಕಾಲು ದಾಟ್ಯಾವ್ರಿ. ಮಸಾಲಿ ಕುಟ್ಟಿದ್ದೇ ಚಲೋರಿ.” ಇಷ್ಟು ಹೇಳಿ ಇಟ್ಟಳು. ಎರಡನೆಯ ಕರೆ ಕೆಳಗಿನ ಊರಿನದು: “ದರ್ಗಾದ ನಾಲ್ಕು ಮೆಟ್ಟಿಲು ಉಳದಾವ್ರಿ. ನಮ್ಮ ಮನ್ಯಾಗ ಪ್ಯಾಕೆಟ್ಟೇ ತರ್ತೀವ್ರಿ, ಕುಟ್ಟೋರು ಯಾರು?” ಮೂರನೆಯವರು ಒಗೆಯುವ ಕಲ್ಲು ಹೇಳಿ ಧನಿಯಾ ಹುರಿಯುವ ಬಗ್ಗೆ ಹೇಳಿದರು. ನಿನ್ನ ಜಾಗಕ್ಕೆ ಹೊಸದಾಗಿ ಬಂದವರು, “ದಯವಿಟ್ಟು ವಿಷಯಕ್ಕೆ ಬನ್ನಿ,” ಎಂದರು. “ಬಂದೀವಲ್ರಿ, ಧನಿಯಾ ಅಂದೆ ಕೇಳಸಲಿಲ್ಲೇನು?” ಎಂದು ಆ ಹೆಂಗಸು ದಬಾಯಿಸಿದಳು. ನೀನು ಕೇಳಿದೆಯೋ ಇಲ್ಲವೋ, ನಾವು ಸಾಲಿನಲ್ಲೇ ಕೂತು ಹೊಟ್ಟೆ ಹಿಡಿದು ನಕ್ಕೆವು.

ಏಳು ಹಳ್ಳಿಗೆ ಮಾತು ಹೋದದ್ದು ಮಸ್ತಾನಸಾಬನ ಟಪಾಲು ಚೀಲದ ಜೊತೆ. ಅವನು ಯಾರಿಗೂ ಏನೂ ಹೇಳಿಲ್ಲವಂತೆ. ಕಾಗದ ಕೊಡುವಾಗ ಸುಮ್ಮನೆ, “ಗುರುವಾರ ರೇಡಿಯೋ ಹಚ್ರಿ,” ಎನ್ನುತ್ತಾನಂತೆ.

ಹತ್ತಿಕುಣಿಯಿಂದ ಉತ್ತರ ಬಂದಿಲ್ಲ. ನಾವೂ ಕೇಳಿಲ್ಲ.

ನಿನ್ನೆಯ ವಿಷಯ ‘ಹಬ್ಬಕ್ಕೆ ಹೊಸ ಬಟ್ಟೆ ಬೇಕೇ’. ಕರೆ ಮಾಡಿದ ಆರು ಮಂದಿಯಲ್ಲಿ ಐದು ಮಂದಿ ಮೊದಲು ನೀರು ಹೇಳಿದರು. ಮುಂದಿನ ಗುರುವಾರದ ವಿಷಯವನ್ನೂ ಹೇಳಿದ್ದಾರೆ: ‘ಸಣ್ಣ ಮಕ್ಕಳ ಕೈಯಲ್ಲಿ ಮೊಬೈಲ್ ಕೊಡಬೇಕೇ?’ ನನಗೆ ಮಕ್ಕಳಿಲ್ಲ. ಮೊಬೈಲೂ ಇಲ್ಲ. ಆದರೂ ಮೊದಲ ಕರೆ ನನ್ನದೇ.

ಮೌನೇಶ್ವರಿ